ಸದ್ದಿನಲ್ಲಿ ಮಾತು ಕಂಡ ಬಿ.ವಿ. ಕಾರಂತರು



ಕಾರಂತ ಅಂದ ಕೂಡಲೇ ನಮಗೆ ನೆನಪಾಗುವವರು ಕಾದಂಬರಿ ಬರೆದ ಶಿವರಾಮ ಕಾರಂತರು. ಆದರೆ ನಮ್ಮ ನಾಡಿನಲ್ಲಿ ಇನ್ನೊಬ್ಬ ದೊಡ್ಡ ಕಾರಂತರಿದ್ದರು. ಅವರೇ ಬಿ.ವಿ. ಕಾರಂತರು. ಅವರು ನಾಟಕ ಆಡಿಸಿದರು, ಸಿನಿಮಾ ಮಾಡಿದರು, ಸಂಗೀತವನ್ನೂ ಕೊಟ್ಟರು. ಒಬ್ಬರೇ ಇಷ್ಟೆಲ್ಲ ಹೇಗೆ ಮಾಡಿದರು? ಬನ್ನಿ, ತಿಳಿಯೋಣ.

ಬಾಲ್ಯ ಮತ್ತು ಕಲಿಕೆ

ಇವರು 1929ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದರು. ಪೂರ್ತಿ ಹೆಸರು ಬಾಬುಕೋಡಿ ವೆಂಕಟರಮಣ ಕಾರಂತ. ಮೂರನೇ ತರಗತಿಯಲ್ಲೇ 'ನನ್ನ ಗೋಪಾಲ' ನಾಟಕದಲ್ಲಿ ಪಾರ್ಟು ಮಾಡಿದ್ದರು. ನಾಟಕದ ಹುಚ್ಚು ಎಷ್ಟಿತ್ತೆಂದರೆ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿಬಿಟ್ಟರು. (ನಾವ್ಯಾರೂ ಹಾಗೆ ಓಡಿಹೋಗಬಾರದು!)

ಓಡಿಹೋದರೂ ಅವರು ಕಲಿಯುವುದನ್ನು ಬಿಡಲಿಲ್ಲ. ಅದೇ ವಿಶೇಷ. ವೀರಣ್ಣನವರು ಅವರನ್ನು ಕಾಶಿಗೆ ಓದಲು ಕಳಿಸಿದರು. ಅಲ್ಲಿ ಹಿಂದಿಯಲ್ಲಿ ಎಂ.ಎ. ಓದಿದರು. ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ 1962ರಲ್ಲಿ ಪದವಿ ಪಡೆದರು. ಮುಂದೆ ಅದೇ ಶಾಲೆಗೆ ನಿರ್ದೇಶಕರೂ ಆದರು.

ಒಂದು ಕಡೆ ಕಲಿತದ್ದು ಇನ್ನೊಂದು ಕಡೆ

ಕಾರಂತರು ಕಲಿತದ್ದನ್ನೆಲ್ಲ ಬೆರೆಸಿದರು. 1979ರಲ್ಲಿ ಶೇಕ್ಸ್‌ಪಿಯರ್ ಕವಿಯ 'ಮ್ಯಾಕ್‌ಬೆತ್' ನಾಟಕವನ್ನು ಹಿಂದಿಯಲ್ಲಿ 'ಬರ್ನಂ ವನ' ಅಂತ ಮಾಡಿಸಿದರು. ಅದನ್ನು ಆಡಿಸಿದ್ದು ನಮ್ಮ ಯಕ್ಷಗಾನದ ಶೈಲಿಯಲ್ಲಿ! ವಾದ್ಯವೇ ಅಲ್ಲದ ವಸ್ತುಗಳಿಂದಲೂ ಸದ್ದು ಹೊರಡಿಸಿ ನಾಟಕಕ್ಕೆ ಸಂಗೀತ ಮಾಡುತ್ತಿದ್ದರು. ನಮ್ಮಂಥ ಮಕ್ಕಳಿಗಾಗಿ 'ಪಂಜರಶಾಲೆ' ನಾಟಕ ಮಾಡಿದರು.

ಚೋಮನ ದುಡಿ

ಗಿರೀಶ್ ಕಾರ್ನಾಡರ ಜೊತೆ ಸೇರಿ ಅವರು ನಿರ್ದೇಶಿಸಿದ 'ವಂಶವೃಕ್ಷ' ಚಿತ್ರಕ್ಕೆ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ 1975ರಲ್ಲಿ 'ಚೋಮನ ದುಡಿ' ಬಂತು. ಕಾದಂಬರಿ ಶಿವರಾಮ ಕಾರಂತರದು, ನಿರ್ದೇಶನ ಮತ್ತು ಸಂಗೀತ ಬಿ.ವಿ. ಕಾರಂತರದು. ಅದಕ್ಕೆ ದೇಶದ ಅತ್ಯುತ್ತಮ ಚಿತ್ರ ಎಂದು ಸ್ವರ್ಣಕಮಲ ಸಿಕ್ಕಿತು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಚೋಮನಿಗೆ ಒಂದೇ ಆಸೆ. ಒಂದು ತುಂಡು ಭೂಮಿ ಸಿಕ್ಕಿದರೆ ತಾನೇ ಉತ್ತು ಬೆಳೆಯಬೇಕು ಅಂತ. ಅವನ ಹತ್ತಿರ ಎತ್ತುಗಳಿವೆ, ಮೈಯಲ್ಲಿ ಕಸುವಿದೆ. ಆದರೆ ಅವನ ಜಾತಿಯನ್ನು ಮುಟ್ಟಬಾರದವರು ಎಂದು ದೂರ ಇಟ್ಟಿದ್ದರಿಂದ ಭೂಮಿ ಸಿಗುವುದಿಲ್ಲ. ಅವನ ಮಗ ನೀರಿನಲ್ಲಿ ಮುಳುಗುವಾಗ ನೋಡುತ್ತಿದ್ದವರು ಮೈಲಿಗೆಯ ಭಯದಿಂದ ಮುಟ್ಟುವುದಿಲ್ಲ. ಹುಡುಗ ಸತ್ತೇ ಹೋಗುತ್ತಾನೆ.

ದೊಡ್ಡವರ ಮುಂದೆ ಚೋಮ ಜೋರಾಗಿ ಮಾತಾಡುವ ಹಾಗಿಲ್ಲ. ಅದಕ್ಕೇ ಅವನು ದುಡಿ ಬಾರಿಸುತ್ತಾನೆ. ದುಡಿ ಅಂದರೆ ಚರ್ಮದ ವಾದ್ಯ. ಸಂತೋಷ, ಸಿಟ್ಟು, ಸಂಕಟ ಎಲ್ಲವೂ ಅದರಲ್ಲೇ ಹೊರಗೆ ಬರುತ್ತದೆ. ನಿರ್ದೇಶಕರೇ ಸಂಗೀತಗಾರರೂ ಆದರೆ ಒಂದು ಅನುಕೂಲ ಇದೆ. ಎಲ್ಲಿ ಮಾತು ನಿಲ್ಲಬೇಕು, ಎಲ್ಲಿ ಸದ್ದು ಶುರುವಾಗಬೇಕು ಎಂದು ಒಬ್ಬರೇ ತೀರ್ಮಾನಿಸಬಹುದು. ಸಂಗೀತ ಬರೀ ಕುಣಿಯಲಿಕ್ಕೆ ಅಲ್ಲ, ಬಾಯಿ ಕಟ್ಟಿದವರ ಮಾತೂ ಹೌದು ಎಂಬುದೇ ಇದರಿಂದ ಕಲಿಯುವ ಪಾಠ.

ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ನಮಗೆ ಅಂಕ ಸಿಗುತ್ತದೆ. ಆದರೆ ನೀರಿನ ನಲ್ಲಿಯ ಹತ್ತಿರ, ಊಟದ ಸಾಲಿನಲ್ಲಿ ಒಬ್ಬರನ್ನು ದೂರ ನಿಲ್ಲಿಸಿದರೆ ಆ ಅಂಕಕ್ಕೆ ಏನು ಬೆಲೆ? ನೀವೇ ಹೇಳಿ.

ಮುಂದಿನ ಸಾಧನೆ

'ಋಷ್ಯಶೃಂಗ' (1976) ಮತ್ತು 'ಘಟಶ್ರಾದ್ಧ' (1977) ಚಿತ್ರಗಳ ಸಂಗೀತಕ್ಕೆ ಅವರಿಗೆ ಎರಡು ವರ್ಷ ಸತತವಾಗಿ ರಾಷ್ಟ್ರಪ್ರಶಸ್ತಿ ಬಂತು. ಈ ಎರಡನ್ನೂ ನಿರ್ದೇಶಿಸಿದವರು ಬೇರೆಯವರು. 1981ರಲ್ಲಿ ಪದ್ಮಶ್ರೀ ಬಂತು. ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ಕಟ್ಟಿದರು. 1989ರಲ್ಲಿ ಮೈಸೂರಿನಲ್ಲಿ ಶುರುವಾದ ರಂಗಾಯಣಕ್ಕೆ ಮೊದಲ ನಿರ್ದೇಶಕರಾದರು. 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ರಂಗಾಯಣ ಈಗಲೂ ನಾಟಕ ಆಡುತ್ತಿದೆ.

ಮಾಡಿ ನೋಡಿ

ತೆಂಗಿನ ಕರಟ, ಎರಡು ಕಲ್ಲು, ಖಾಲಿ ಡಬ್ಬಿ, ಒಣ ಎಲೆ ತನ್ನಿ. ಮಾತೇ ಆಡದೆ ಬರೀ ಸದ್ದಿನಿಂದ ಮಳೆ, ಭಯ, ಸಂತೋಷ ಮೂರನ್ನೂ ತೋರಿಸಿ. ಗೆಳೆಯರು ಯಾವುದು ಅಂತ ಹೇಳಲಿ.

ಉತ್ತರಿಸಿ

1. 'ಚೋಮನ ದುಡಿ' ಕಾದಂಬರಿ ಬರೆದ ಕಾರಂತರು ಯಾರು, ಸಿನಿಮಾ ಮಾಡಿದ ಕಾರಂತರು ಯಾರು?
2. 'ಬರ್ನಂ ವನ' ಯಾವ ಕಲೆಯ ಶೈಲಿಯಲ್ಲಿತ್ತು?
3. ಚೋಮನ ಮಗ ಮುಳುಗುವಾಗ ದಡದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಮೂರನೆಯದಕ್ಕೆ ಉತ್ತರ ಪುಸ್ತಕದಲ್ಲಿ ಹುಡುಕಬೇಡಿ.

— ಏಳನೇ ತರಗತಿ ವಿದ್ಯಾರ್ಥಿನಿ