ಹೇಳಿದ ಬೆಲೆಯೂ ಬಂದ ಬಿಲ್ಲೂ

ಕಾಯಿದೆಯೆಂಬುದು ನ್ಯಾಯಸ್ಥಾನದ ಕಟಕಟೆಯ ಒಳಗೆ ಮಾತ್ರ ಇರುವ ವಸ್ತುವೆಂದು ನಮ್ಮಲ್ಲಿ ಹಲವರು ಭಾವಿಸಿರುವುದುಂಟು. ದರ್ಜಿಗೆ ಬಟ್ಟೆ ಕೊಡುವಾಗ, ಗಡಿಯಾರವನ್ನು ರಿಪೇರಿಗೆ ಒಪ್ಪಿಸುವಾಗ, ಗ್ಯಾರೇಜಿನಲ್ಲಿ ವಾಹನವನ್ನು ಬಿಟ್ಟು ಬರುವಾಗ ನಾವು ಒಂದು ಕರಾರನ್ನು ಮಾಡುತ್ತಿದ್ದೇವೆಂಬ ಅರಿವು ನಮಗಿರುವುದಿಲ್ಲ. ಆ ಅರಿವು ಮೂಡುವುದು ಬಿಲ್ಲು ಕೈಗೆ ಬಂದಾಗ. ಎಂಟು ಸಾವಿರವೆಂದು ಕೇಳಿದ್ದುದು ಹದಿನಾಲ್ಕು ಸಾವಿರವಾಗಿ ಎದುರಿಗೆ ನಿಂತಾಗ ಕೆಲವರು ಕೂಗಾಡುತ್ತಾರೆ. ಕೆಲವರು ಮರುಮಾತಾಡದೆ ಕೊಟ್ಟು ಬಂದು ಮನೆಯಲ್ಲಿ ಕೊರಗುತ್ತಾರೆ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ಬಿಲ್ಲನ್ನು ಸಾಲುಸಾಲಾಗಿ ಓದಿ, ಯಾವುದು ಸಲ್ಲತಕ್ಕದ್ದು, ಯಾವುದು ಸಲ್ಲದು ಎಂದು ವಿಂಗಡಿಸುವುದೇ ಆ ದಾರಿ. ಅದನ್ನು ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಒಬ್ಬ ಉಪಾಧ್ಯಾಯರ ಹಳೆಯ ಕಾರಿನ ಕ್ಲಚ್ಚು ಜಾರುತ್ತಿದೆಯೆಂದು ಇಟ್ಟುಕೊಳ್ಳೋಣ. ಅವರು ಗ್ಯಾರೇಜಿಗೆ ಹೋಗಿ ವಿಚಾರಿಸುತ್ತಾರೆ. ಕ್ಲಚ್ ಸೆಟ್ಟಿಗೆ 5,500 ರೂಪಾಯಿ, ಕೂಲಿ 2,500 ರೂಪಾಯಿ, ಒಟ್ಟು 8,000 ರೂಪಾಯಿ ಎಂದು ಯಜಮಾನನು ಹೇಳುತ್ತಾನೆ. ಮೂರನೆಯ ದಿನ ಬಂದ ಬಿಲ್ಲಿನಲ್ಲಿ ಆ 8,000 ರೂಪಾಯಿಯ ಕೆಳಗೆ ಬೇರೆ ಸಾಲುಗಳಿವೆ: ಫ್ಲೈವೀಲ್ ಹದಮಾಡಿಸಿದ್ದಕ್ಕೆ 1,200, ಆಯಿಲ್ ಸೀಲಿಗೆ 600, ಮುಂದಿನ ಬ್ರೇಕ್ ಪ್ಯಾಡುಗಳಿಗೆ 1,900, ಅವನ್ನು ಹಾಕಿದ ಕೂಲಿ 700. ಒಟ್ಟು 12,400 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 2,232 ರೂಪಾಯಿ. ಕೊನೆಯ ಮೊತ್ತ 14,632 ರೂಪಾಯಿ.

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಇಷ್ಟೇಕೆ ಹೆಚ್ಚಾಯಿತು?’ ಎಂಬುದಲ್ಲ, ‘ಮೊದಲ ದಿನ ಆಡಿದ ಮಾತು ಎಂತಹುದು?’ ಎಂಬುದು. ಯಜಮಾನನು “ಎಂಟು ಸಾವಿರದಲ್ಲಿ ಮುಗಿಸಿ ಕೊಡ್ತೀನಿ, ಸಾರ್” ಎಂದಿದ್ದರೆ ಅದೊಂದು ವಾಗ್ದಾನ. “ಎಂಟು ಸಾವಿರದ ಹತ್ತಿರ ಆಗಬಹುದು, ಸಾರ್, ಬಿಚ್ಚಿ ನೋಡಿದ ಮೇಲೆ ಗೊತ್ತಾಗುತ್ತೆ” ಎಂದಿದ್ದರೆ ಅದು ಅಂದಾಜು. ಮೊದಲನೆಯದು ಬೆಲೆ, ಎರಡನೆಯದು ಅಭಿಪ್ರಾಯ. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಒಬ್ಬನ ಪ್ರಸ್ತಾಪವನ್ನು ಇನ್ನೊಬ್ಬನು ಒಪ್ಪಿದಾಗ ಅದು ವಾಗ್ದಾನವಾಗುತ್ತದೆ. ಹಾಗೆ ಒಪ್ಪಿತವಾದ ಬೆಲೆಯನ್ನು ಬದಲಾಯಿಸಬೇಕಾದರೆ ಇಬ್ಬರೂ ಒಪ್ಪಿಯೇ ಬದಲಾಯಿಸಬೇಕು. ಅದೇ ಕಾಯಿದೆಯ 62ನೆಯ ಪ್ರಕರಣದ ತಾತ್ಪರ್ಯವೂ ಇದೇ. ಹೊಸ ಕರಾರಿಗೆ ಒಬ್ಬನ ಲೇಖನಿ ಸಾಲದು.

ಹಾಗಾದರೆ ಅಂದಾಜು ಹೇಳಿದವನು ಎಷ್ಟು ಬೇಕಾದರೂ ಬರೆಯಬಹುದೆ? ಹಾಗೂ ಅಲ್ಲ. ಅಂದಾಜು ಹೇಳುವವನು ದಾರಿಹೋಕನಲ್ಲ, ಕಸುಬು ಬಲ್ಲವನು. ಅವನ ಮಾತನ್ನು ನಂಬಿಯೇ ವಾಹನದ ಒಡೆಯನು ‘ಆಗಲಿ’ ಎಂದಿರುತ್ತಾನೆ. ಅಂದಾಜು ಮೀರುವುದೆಂದು ತಿಳಿದ ಕ್ಷಣದಲ್ಲಿ ಅದನ್ನು ತಿಳಿಸುವುದು ಅವನ ಹೊಣೆ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯು ಸೇವೆಯ ನ್ಯೂನತೆಯನ್ನು ವಿವರಿಸುವಾಗ, ಗ್ರಾಹಕನಿಗೆ ತಿಳಿಯಬೇಕಾದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಅದರಲ್ಲಿ ಸೇರಿಸಿದೆ.

ಈಗ ಬಿಲ್ಲಿನ ಸಾಲುಗಳನ್ನು ನೋಡೋಣ. ಮೊದಲು ತೆರಿಗೆ. 8,000 ರೂಪಾಯಿಗೆ ನೂರಕ್ಕೆ 18ರಂತೆ 1,440 ರೂಪಾಯಿಯಾಗುತ್ತದೆ. ಗ್ಯಾರೇಜಿನವನು ಬೇರೆ ಯಾವ ಕೆಲಸವನ್ನೂ ಮಾಡದಿದ್ದರೂ ಬಿಲ್ಲು 9,440 ರೂಪಾಯಿ ಆಗುತ್ತಿತ್ತು. ಎಷ್ಟೋ ಜಗಳಗಳ ಮೂಲ ಇಷ್ಟೇ: ಹೇಳಿದ ಬೆಲೆ ತೆರಿಗೆ ಸೇರಿಯೋ, ತೆರಿಗೆ ಬಿಟ್ಟೋ ಎಂಬುದನ್ನು ಒಬ್ಬರು ಹೇಳಲಿಲ್ಲ, ಇನ್ನೊಬ್ಬರು ಕೇಳಲಿಲ್ಲ. ಒಂದು ಮಾತನ್ನು ಮಾತ್ರ ನೆನಪಿಡಬೇಕು. ಜಿಎಸ್‌ಟಿ ನೋಂದಣಿಯಿಲ್ಲದ ಅಂಗಡಿಯವನು ಆ ಹೆಸರಿನಲ್ಲಿ ಹಣ ವಸೂಲು ಮಾಡುವಂತಿಲ್ಲ. ಆದುದರಿಂದ ಬಿಲ್ಲಿನಲ್ಲಿ ನೋಂದಣಿಯ ಸಂಖ್ಯೆ ಇದೆಯೇ ಎಂದು ನೋಡುವುದು ಅವಶ್ಯ.

ಇನ್ನು ಫ್ಲೈವೀಲ್ ಮತ್ತು ಆಯಿಲ್ ಸೀಲು. ಇಲ್ಲಿ ಗ್ಯಾರೇಜಿನವನ ಪಕ್ಷವನ್ನೂ ಕೇಳುವುದು ನ್ಯಾಯ. ಕ್ಲಚ್ ಬದಲಾಯಿಸಬೇಕಾದರೆ ಗೇರ್ ಬಾಕ್ಸನ್ನು ಇಳಿಸಬೇಕು. ಫ್ಲೈವೀಲಿನ ಮುಖ ಸುಟ್ಟು ಗೀರುಬಿದ್ದಿರುವುದು ಕಣ್ಣಿಗೆ ಕಾಣುವುದು ಆಮೇಲೆಯೇ. ಅದನ್ನು ಹಾಗೆಯೇ ಬಿಟ್ಟರೆ ಹೊಸ ಪ್ಲೇಟು ಸರಿಯಾಗಿ ಕೂರದೆ ನಡುಗುತ್ತದೆ. ಕ್ರ್ಯಾಂಕಿನ ಹಿಂಬದಿಯ ಸೀಲು ಸೋರುತ್ತಿದ್ದರೆ ಎಣ್ಣೆ ಹೊಸ ಪ್ಲೇಟಿನ ಮೇಲೆ ಬಿದ್ದು ಅದೂ ಜಾರತೊಡಗುತ್ತದೆ. ಆಗ ಮತ್ತೊಮ್ಮೆ ಗೇರ್ ಬಾಕ್ಸ್ ಇಳಿಸಬೇಕು, ಮತ್ತೊಮ್ಮೆ ಕೂಲಿ ತೆರಬೇಕು. ಬಲ್ಲ ಮೆಕ್ಯಾನಿಕನು ಇವೆರಡನ್ನೂ ಆಗಲೇ ಸರಿಪಡಿಸಿದರೆ ಅವನು ಮೋಸಗಾರನಲ್ಲ. ಒಳ್ಳೆಯ ಕೆಲಸಗಾರನೇ ಸರಿ. ಅವನ ತಪ್ಪೇನಿದ್ದರೂ ಫೋನು ಮಾಡಿ ಕೇಳದೆ ಹೋದದ್ದು.

ಕೇಳದೆ ಮಾಡಿದ ಕೆಲಸಕ್ಕೆ ಹಣ ಸಲ್ಲುತ್ತದೆಯೆ? ಇದು ಕರಾರಿನ ಶಾಸ್ತ್ರದಲ್ಲಿ ಬಹು ಸ್ವಾರಸ್ಯವಾದ ಪ್ರಶ್ನೆ. ಕರಾರು ಕಾಯಿದೆಯ 70ನೆಯ ಪ್ರಕರಣವು ಹೇಳುವುದಿಷ್ಟು: ಒಬ್ಬನು ಇನ್ನೊಬ್ಬನಿಗಾಗಿ ನ್ಯಾಯಬದ್ಧವಾಗಿ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಏನನ್ನಾದರೂ ಮಾಡಿ, ಆ ಇನ್ನೊಬ್ಬನು ಅದರ ಪ್ರಯೋಜನವನ್ನು ಅನುಭವಿಸಿದರೆ, ಅವನು ಪ್ರತಿಫಲವನ್ನು ಕೊಡಬೇಕು. ಇದನ್ನಷ್ಟೇ ಓದಿದರೆ ಗ್ಯಾರೇಜಿನವನು ಗೆದ್ದನೆಂದೇ ತೋರುತ್ತದೆ. ಆದರೆ ಪಶ್ಚಿಮ ಬಂಗಾಳ ಸರ್ಕಾರಕ್ಕೂ ಬಿ. ಕೆ. ಮಂಡಲ್ ಎಂಬ ಗುತ್ತಿಗೆಯ ಸಂಸ್ಥೆಗೂ ನಡೆದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ಈ ಪ್ರಕರಣದ ಮೇರೆಯನ್ನು ಸ್ಪಷ್ಟಪಡಿಸಿತು. ಕೊಟ್ಟದ್ದನ್ನು ಬೇಡವೆನ್ನುವ ಅಥವಾ ಹಿಂದಿರುಗಿಸುವ ಆಯ್ಕೆ ಎದುರಿನವನಿಗೆ ಇರಬೇಕು. ಅವನು ತಾನಾಗಿ ಒಪ್ಪಿಕೊಂಡು ಅನುಭವಿಸಿದಾಗ ಮಾತ್ರ ಈ ಹೊಣೆ ಹುಟ್ಟುತ್ತದೆ ಎಂಬುದು ಆ ತೀರ್ಪಿನ ಸಾರ.

ಇಂಗ್ಲೆಂಡಿನಲ್ಲಿ 1856ರಷ್ಟು ಹಿಂದೆಯೇ ಟೇಲರ್ ಮತ್ತು ಲೇರ್ಡ್ ಎಂಬವರ ಮೊಕದ್ದಮೆಯಲ್ಲಿ ನ್ಯಾಯಾಧೀಶ ಪೊಲಾಕನು ಇದೇ ವಿಷಯವನ್ನು ಜೋಡಿನ ದೃಷ್ಟಾಂತದಿಂದ ವಿವರಿಸಿದ್ದನು. ಒಬ್ಬನ ಜೋಡನ್ನು ಅವನನ್ನು ಕೇಳದೆ ಇನ್ನೊಬ್ಬನು ಒರೆಸಿ ಇಟ್ಟರೆ, ಜೋಡಿನ ಒಡೆಯನು ಅದನ್ನು ಮೆಟ್ಟಿಕೊಳ್ಳದೆ ಬೇರೇನು ಮಾಡಬಲ್ಲನು? ಮೆಟ್ಟಿಕೊಂಡನೆಂದ ಮಾತ್ರಕ್ಕೆ ಒರೆಸಿದ ಕೂಲಿಯನ್ನು ಒಪ್ಪಿದನೆಂದು ಅರ್ಥವಲ್ಲ. ನಮ್ಮ ಉಪಾಧ್ಯಾಯರ ಸ್ಥಿತಿಯೂ ಹೀಗೆಯೇ. ಹದಮಾಡಿದ ಫ್ಲೈವೀಲನ್ನು ಮೊದಲಿನಂತೆ ಮಾಡಿಕೊಡೆಂದು ಕೇಳಲಾಗುವುದಿಲ್ಲ. ತಮ್ಮ ಕಾರನ್ನು ತಾವು ಮನೆಗೆ ತರದಿರಲೂ ಆಗುವುದಿಲ್ಲ.

ಬ್ರೇಕ್ ಪ್ಯಾಡುಗಳ ಮಾತು ಬೇರೆ. ಕ್ಲಚ್ಚಿಗೂ ಅವಕ್ಕೂ ಸಂಬಂಧವಿಲ್ಲ. ಒಂದು ವೇಳೆ ಅವು ನಿಜವಾಗಿ ಸವೆದಿದ್ದರೆ ಹೇಳಿ ಎಚ್ಚರಿಸುವುದು ಮೆಕ್ಯಾನಿಕನ ಧರ್ಮ. ಹೇಳದೆ ಹಾಕಿ ಬಿಲ್ಲು ಬರೆಯುವುದು ಧರ್ಮವಲ್ಲ. ಅವನ್ನು ಬಿಚ್ಚಿ ಹಳೆಯವನ್ನೇ ಹಾಕಲು ಬರುತ್ತದೆ. ಆದುದರಿಂದ ‘ಬೇಡ, ತೆಗೆಯಿರಿ’ ಎನ್ನುವ ಆಯ್ಕೆ ಒಡೆಯನಿಗೆ ಇನ್ನೂ ಉಳಿದಿದೆ. ಆದರೆ ಆಯ್ಕೆಯಿದ್ದೂ ಸುಮ್ಮನಿದ್ದು, ತಿಂಗಳುಗಟ್ಟಲೆ ಆ ಪ್ಯಾಡುಗಳ ಮೇಲೆ ಓಡಾಡಿ, ಬಳಿಕ ಹಣ ಕೊಡುವುದಿಲ್ಲವೆಂದರೆ 70ನೆಯ ಪ್ರಕರಣವು ಅವರಿಗೇ ತಿರುಗುಬಾಣವಾಗುವುದು. ಹಳೆಯ ಪ್ಯಾಡುಗಳನ್ನು ಕೇಳಿ ನೋಡಿದರೆ ಅವು ಸವೆದಿದ್ದವೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ಹೀಗೆ ನೋಡಿದರೆ ಪ್ರತಿ ಸಾಲಿಗೂ ಎರಡು ಪ್ರಶ್ನೆಗಳನ್ನು ಹಾಕಬಹುದು. ನನ್ನನ್ನು ಕೇಳಲು ಅವಕಾಶವಿತ್ತೆ? ಕೇಳಿದ್ದರೆ ನಾನು ಒಪ್ಪುತ್ತಿದ್ದೆನೆ? ಎರಡನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಳ್ಳುವುದು ಕಷ್ಟ, ಆದರೂ ಹೇಳಿಕೊಳ್ಳಬೇಕು. ಬಿಚ್ಚಿದ ಗೇರ್ ಬಾಕ್ಸಿನ ಎದುರು ನಿಂತಿದ್ದರೆ ಉಪಾಧ್ಯಾಯರು 1,800 ರೂಪಾಯಿಗೆ ಒಪ್ಪಿಯೇ ಇರುತ್ತಿದ್ದರು. ಕಾಯಿದೆಯ ದೃಷ್ಟಿಯಿಂದ ವಾದಿಸಲು ಅವರಿಗೆ ಎಡೆಯಿದ್ದರೂ, ಬೆಲೆ ಸಮಂಜಸವಾಗಿದ್ದರೆ ಅದನ್ನು ಕೊಡುವುದು ಲೇಸೆಂದು ನನ್ನ ಅಭಿಪ್ರಾಯ. ಆಗ 9,800 ರೂಪಾಯಿಗೆ ತೆರಿಗೆ ಸೇರಿ 11,564 ರೂಪಾಯಿ ನಿರ್ವಿವಾದವಾಗುತ್ತದೆ. ಪ್ಯಾಡು ಮತ್ತು ಅದರ ಕೂಲಿ, ತೆರಿಗೆ ಸೇರಿ 3,068 ರೂಪಾಯಿ ವಿವಾದದಲ್ಲಿ ಉಳಿಯುತ್ತದೆ. ಹದಿನಾಲ್ಕು ಸಾವಿರದ ಜಗಳ ಮೂರು ಸಾವಿರಕ್ಕೆ ಇಳಿಯಿತು. ಇಷ್ಟು ಸ್ಪಷ್ಟವಾದ ಮೇಲೆ ಅನೇಕ ವಿವಾದಗಳು ಗ್ಯಾರೇಜಿನ ಬಾಗಿಲಲ್ಲೇ ಮುಗಿಯಬಲ್ಲವು.

ಮುಗಿಯದಿದ್ದರೆ? “ಪೂರ್ತಿ ಹಣ ಕೊಟ್ಟು ಗಾಡಿ ತಗೊಂಡು ಹೋಗಿ, ಸಾರ್” ಎಂದು ಯಜಮಾನನು ಕೀಲಿಕೈಯನ್ನು ಮೇಜಿನೊಳಗೆ ಹಾಕಿಕೊಂಡರೆ? ಅವನಿಗೂ ಒಂದು ಹಕ್ಕುಂಟು. ಕರಾರು ಕಾಯಿದೆಯ 170ನೆಯ ಪ್ರಕರಣದಂತೆ, ತನ್ನ ವಶಕ್ಕೆ ಬಂದ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲವನ್ನು ವ್ಯಯಿಸಿದವನು ತನಗೆ ನ್ಯಾಯವಾಗಿ ಸಲ್ಲಬೇಕಾದ ಕೂಲಿ ಬರುವವರೆಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಆ ವಸ್ತುವನ್ನು ತಡೆಹಿಡಿಯಬಹುದು. ಬಟ್ಟೆಯನ್ನು ಪಡೆದು ಕೋಟು ಹೊಲಿದ ದರ್ಜಿಯ ಉದಾಹರಣೆಯನ್ನು ಆ ಪ್ರಕರಣವೇ ಕೊಡುತ್ತದೆ. ಆದರೆ ಈ ಹಕ್ಕು ಆ ಕೆಲಸದ ಕೂಲಿಗೆ ಮಾತ್ರ. ಹಳೆಯ ಬಾಕಿಗಾಗಿಯೂ ತಡೆಹಿಡಿಯುವ ವಿಶಾಲವಾದ ಹಕ್ಕನ್ನು 171ನೆಯ ಪ್ರಕರಣವು ಬ್ಯಾಂಕಿನವರೇ ಮೊದಲಾದ ಕೆಲವರಿಗೆ ಕೊಟ್ಟಿದೆ; ಆ ಪಟ್ಟಿಯಲ್ಲಿ ಗ್ಯಾರೇಜಿನವನಿಲ್ಲ.

ಇನ್ನೊಂದು ಎಚ್ಚರಿಕೆ. ‘ಕಾರು ನನ್ನದೇ ತಾನೆ’ ಎಂದು ಇನ್ನೊಂದು ಕೀಲಿಕೈಯಿಂದ ರಾತ್ರಿ ತೆಗೆದುಕೊಂಡು ಬರುವುದು ಅಪಾಯಕರ. ರಿಪೇರಿಯ ಸಾಲಕ್ಕಾಗಿ ನ್ಯಾಯವಾಗಿ ಹಿಡಿದಿಟ್ಟ ಗಡಿಯಾರವನ್ನು ಅದರ ಒಡೆಯನೇ, ಆ ಆಧಾರವನ್ನು ತಪ್ಪಿಸುವ ಉದ್ದೇಶದಿಂದ ಒಯ್ದರೆ ಅದು ಕಳ್ಳತನವೆಂದು 1860ರ ದಂಡಸಂಹಿತೆ ಉದಾಹರಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ಉದಾಹರಣೆಯನ್ನು ಉಳಿಸಿಕೊಂಡಿದೆ. ತನ್ನ ವಸ್ತುವನ್ನು ತಾನೇ ಕದ್ದವನಾಗುವ ವಿಚಿತ್ರವಿದು!

ಹಾಗಾದರೆ ವಾಹನ ಅವಶ್ಯವಾಗಿ ಬೇಕಾದವನು ಏನು ಮಾಡಬೇಕು? ಹಣವನ್ನು ಕೊಟ್ಟು, ಬಿಲ್ಲಿನ ಮೇಲೆಯೇ ‘ಇಂತಿಂಥ ಸಾಲುಗಳ ಬಗ್ಗೆ ಆಕ್ಷೇಪಣೆಯಿಟ್ಟು ಪಾವತಿ ಮಾಡಿದ್ದೇನೆ’ ಎಂದು ಬರೆದು, ದಿನಾಂಕ ಹಾಕಿ, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಪೂರ್ತಿಯಾಗಿ ನಿಜವಲ್ಲ. 72ನೆಯ ಪ್ರಕರಣದ ಒಂದು ಉದಾಹರಣೆ ಹೀಗಿದೆ: ರೈಲ್ವೆ ಕಂಪನಿಯೊಂದು ನ್ಯಾಯವಿರುದ್ಧವಾದ ಸಾಗಣೆ ದರವನ್ನು ಕೊಟ್ಟಲ್ಲದೆ ಸರಕನ್ನು ಬಿಡುವುದಿಲ್ಲವೆನ್ನುತ್ತದೆ, ಸರಕಿನವನು ಬೇರೆ ದಾರಿಯಿಲ್ಲದೆ ಕೊಡುತ್ತಾನೆ, ಹೆಚ್ಚಾಗಿ ವಸೂಲಾದಷ್ಟನ್ನು ಹಿಂದಕ್ಕೆ ಪಡೆಯಲು ಅವನಿಗೆ ಹಕ್ಕಿದೆ. ಆಕ್ಷೇಪಿಸಿ ಕೊಟ್ಟ ಹಣ ಒಪ್ಪಿ ಕೊಟ್ಟ ಹಣವಲ್ಲ.

ಅನಂತರ ಗ್ಯಾರೇಜಿನವನಿಗೆ ಒಂದು ಕಾಗದ ಬರೆದು ಉತ್ತರಕ್ಕೆ ಹದಿನೈದು ದಿನ ಕೊಡುವುದು ಒಳ್ಳೆಯದು. ಫಲ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ತಿಳಿಸಬಹುದು. ಆಮೇಲಿನ ಮೆಟ್ಟಲು ಜಿಲ್ಲಾ ಗ್ರಾಹಕ ಆಯೋಗ. ತಾನು ವಾಸವಾಗಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಕೀಲರು ಕಡ್ಡಾಯವಲ್ಲ, ಪಾವತಿ ಮಾಡಿದ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ಕಾರಣ ಹುಟ್ಟಿದ ದಿನದಿಂದ 2 ವರ್ಷಗಳ ಒಳಗೆ ದೂರು ಸಲ್ಲಬೇಕು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಗಾಡಿ ಓಡಿಸುವ ಆಟೋ ಚಾಲಕನೂ ಈ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕನೇ. ಬಿಲ್ಲನ್ನೇ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯೆಂದು 2019ರ ಕಾಯಿದೆ ಸ್ಪಷ್ಟವಾಗಿ ಹೇಳಿದೆ.

ಆದರೆ ಮೂರು ಸಾವಿರ ರೂಪಾಯಿಗಾಗಿ ಆಯೋಗದ ಬಾಗಿಲಿಗೆ ಹೋಗುವುದಕ್ಕಿಂತ, ಮೊದಲ ದಿನ ಮೂರು ಮಾತು ಹೆಚ್ಚಾಗಿ ಆಡುವುದು ಸುಲಭವಲ್ಲವೆ? ಈ ಬೆಲೆ ಖಚಿತವೋ ಅಂದಾಜೋ? ತೆರಿಗೆ ಸೇರಿದೆಯೋ ಇಲ್ಲವೋ? ಹೆಚ್ಚಿನ ಕೆಲಸ ಬಂದರೆ ನನ್ನನ್ನು ಕೇಳಿ ಮಾಡುವಿರಾ? ಈ ಮೂರಕ್ಕೂ ಬಂದ ಉತ್ತರವನ್ನು ಜಾಬ್ ಕಾರ್ಡಿನಲ್ಲಿ ಬರೆಸಬೇಕು. ಜಾಬ್ ಕಾರ್ಡ್ ಇಲ್ಲದ ಸಣ್ಣ ಗ್ಯಾರೇಜಾದರೆ ಮೊಬೈಲಿನಲ್ಲಿ ಒಂದು ಸಂದೇಶ ಕಳುಹಿಸಿ ‘ಸರಿ’ ಎಂಬ ಉತ್ತರವನ್ನು ತರಿಸಿಕೊಂಡರೂ ಸಾಕು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು 1971ರ ಕಾಯಿದೆಯಿಂದ ವಾಹನ ದುರಸ್ತಿಯ ಕಸುಬನ್ನೇ ನಿಯಂತ್ರಣಕ್ಕೆ ತಂದಿತು. ಅಲ್ಲಿ ಅಂದಾಜನ್ನು ಬರೆದು ಕೊಡಬೇಕು. ಅದನ್ನು ಮೀರುವ ಮುನ್ನ ಒಡೆಯನ ಒಪ್ಪಿಗೆ ಪಡೆಯಬೇಕು. ಅಲ್ಲಿ ಶಾಸನ ಮಾಡಿಸುವ ಕೆಲಸವನ್ನು ಇಲ್ಲಿ ನಾವೇ ಒಂದು ವಾಕ್ಯದಿಂದ ಮಾಡಿಸಿಕೊಳ್ಳಬಹುದು.

ಇದು ಗ್ಯಾರೇಜಿನವನ ಮೇಲಿನ ಅಪನಂಬಿಕೆಯ ಮಾತಲ್ಲ. ದಿನವೆಲ್ಲ ಎಣ್ಣೆ ಮಸಿಯಲ್ಲಿ ದುಡಿಯುವ ಪ್ರಾಮಾಣಿಕನಿಗೂ ಬರವಣಿಗೆಯೇ ರಕ್ಷೆ. ಕೇಳಿ ಮಾಡಿದ ಕೆಲಸದ ಕೂಲಿಯನ್ನು ಯಾರೂ ಅಲ್ಲಗಳೆಯಲಾರರು. ಕೂಲಿ ಕೊಡುವವನಿಗೂ ಪಡೆಯುವವನಿಗೂ ನಡುವೆ ಇರಬೇಕಾದುದು ಒಪ್ಪಿಗೆ. ಆ ಒಪ್ಪಿಗೆಯನ್ನು ಕೇಳುವ ಅಭ್ಯಾಸ ಒಬ್ಬನಿಗೂ, ತಿಳಿದು ಕೊಡುವ ಅಭ್ಯಾಸ ಇನ್ನೊಬ್ಬನಿಗೂ ಬಂದರೆ, 1872ರ ಕಾಯಿದೆಯನ್ನು ಕಪಾಟಿನಿಂದ ಹೊರಗೆ ತೆಗೆಯಬೇಕಾದ ಪ್ರಸಂಗವೇ ವಿರಳವಾಗುವುದು.