ಹುಲಿಯ ಲೆಕ್ಕ

ವಿಜಯವಾಡದಿಂದ ಹುಬ್ಬಳ್ಳಿಯ ಕಡೆಗೆ ರೈಲಿನಲ್ಲಿ ಊರಿಗೆ ಹೋಗುವ ಬಂಧುಗಳು ಗಿದ್ದಲೂರು ದಾಟಿ ನಂದ್ಯಾಲ ಸೇರುವ ಮುನ್ನ ಕಾಡುಬೆಟ್ಟಗಳ ನಡುವೆ ಹಾಯುತ್ತಾರೆ. ಅವೇ ನಲ್ಲಮಲ ಬೆಟ್ಟಗಳು. ಅದೇ ಸಾಲಿನಲ್ಲಿ ಉತ್ತರಕ್ಕೆ, ಕೃಷ್ಣೆಯ ದಂಡೆಯವರೆಗೆ, ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಸಂರಕ್ಷಿತ ಅರಣ್ಯವಿದೆ. ವಿಶಾಖಪಟ್ಟಣದ ಬಂಧುಗಳು ಅಲ್ಲಿಯ ಮೃಗಾಲಯದಲ್ಲಿ ಹುಲಿಯನ್ನು ಕಂಡಿರಬಹುದು. ಬೋನಿನ ಹುಲಿಗೆ ಹೊತ್ತಿಗೆ ಸರಿಯಾಗಿ ಮಾಂಸ ಹಾಕಿದರಾಯಿತು. ಕಾಡಿನ ಹುಲಿಯನ್ನು ಸರಕಾರ ಕಾಪಾಡುವುದು ಹೇಗೆ? ಈ ಸಲ ಅದನ್ನು ತಿಳಿಯೋಣ.

1972ರಲ್ಲಿ ಎಣಿಸಿದಾಗ ದೇಶದಲ್ಲಿ 1,827 ಹುಲಿಗಳು ಮಾತ್ರ ಇವೆಯೆಂದು ತಿಳಿಯಿತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾಯಿತು. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಹುಲಿಗೆ ವಾರಕ್ಕೊಂದು ಜಿಂಕೆಯಷ್ಟು ಬೇಟೆ ಬೇಕು. ಜಿಂಕೆಗೆ ಹುಲ್ಲು, ನೀರು ಬೇಕು. ಆದುದರಿಂದ ಹುಲಿಯನ್ನು ಕಾಯುವುದೆಂದರೆ ಕಾಡನ್ನೇ ಕಾಯುವುದು.

ಆದರೆ ಕಾಯಿದೆಯೊಂದೇ ಸಾಲದು. ರಾಜಸ್ಥಾನದ ಸರಿಸ್ಕಾ ಕಾಡಿನ ಕಡತಗಳಲ್ಲಿ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗಾರರು ಮುಗಿಸಿದ್ದರು. ಗಿರಣಿಯ ದಾಸ್ತಾನು ಪುಸ್ತಕ ಬರೆಯುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಗೋದಾಮಿಗೆ ಹೋಗಿ ನೋಡದೆ ಹಳೆಯ ಅಂಕಿಯನ್ನೇ ಮುಂದಿನ ಪುಟಕ್ಕೆ ಒಯ್ದರೆ ಕಳವು ಗೊತ್ತಾಗುವುದೇ ಇಲ್ಲ.

ಹಿಂದೆ ಹೆಜ್ಜೆಗುರುತು ನೋಡಿ ಎಣಿಸುತ್ತಿದ್ದರು. ಒಂದೇ ಹುಲಿ ಎರಡು ಸಲ ಲೆಕ್ಕಕ್ಕೆ ಬರುವ ಸಂಭವವಿತ್ತು. ಈಗ ಕಾಡುದಾರಿಗಳ ಬದಿಯಲ್ಲಿ ಕ್ಯಾಮೆರಾ ಇಡುತ್ತಾರೆ. ಹುಲಿ ಹಾದುಹೋದಾಗ ಅದು ತಾನೇ ಚಿತ್ರ ತೆಗೆಯುತ್ತದೆ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಈ ಹೊಸ ಕ್ರಮದಿಂದ 2006ರಲ್ಲಿ ಸಿಕ್ಕ ಲೆಕ್ಕ ಬರೀ 1,411. ನಿಜ ತಿಳಿದ ಮೇಲೆ ಕಾವಲು ಬಿಗಿಯಾಯಿತು. 2022ರ ಅಂದಾಜು 3,682. ಅದರಲ್ಲಿ ಕರ್ನಾಟಕದ ಪಾಲು 563.

ಕ್ಯಾಮೆರಾ ಎಣಿಸಬಲ್ಲದು, ಕಾಯಲಾರದು. ಕಾಯುವವನು ಕಾಲ್ನಡಿಗೆಯ ಕಾವಲುಗಾರ. ನಲ್ಲಮಲದಲ್ಲಿ ಆ ಕೆಲಸಕ್ಕೆ ಕಾಡನ್ನು ಬಲ್ಲ ಚೆಂಚು ಜನರನ್ನೂ ಸೇರಿಸಿಕೊಂಡಿದ್ದಾರೆ. ಹುಲಿಯ ಕಾಡಿನ ಒಳಭಾಗದಿಂದ ಜನರು ಒಪ್ಪಿದರೆ ಮಾತ್ರ ಸ್ಥಳಾಂತರವೆಂದು 2006ರ ತಿದ್ದುಪಡಿ ಹೇಳುತ್ತದೆ. ಆ ಮಾತು ನಡೆಯಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ನೆಲೆ ತಪ್ಪಿದವರ ಸಂಕಟವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ಸಲ ನಲ್ಲಮಲ ಬಂದಾಗ ಬಂಧುಗಳು ಕಿಟಕಿಯಾಚೆ ನೋಡಲಿ. ಹುಲಿ ಕಾಣದು. ಅಲ್ಲೆಲ್ಲೋ ನಡೆಯುತ್ತಿರುವ ಕಾವಲುಗಾರನನ್ನು ಒಮ್ಮೆ ನೆನೆಯೋಣ.