ಹೊರರಾಜ್ಯದಲ್ಲಿ ತೀರಿಕೊಂಡವರ ಕೋವಿ: ವಾರಸುದಾರರು ತಿಳಿದಿರಬೇಕಾದ ವಿಷಯಗಳು



ತೋಟದ ಮನೆಗಳಲ್ಲಿ ಕೋವಿ ಇರುವುದು ನಮ್ಮಲ್ಲಿ ಹೊಸತಲ್ಲ. ವಯನಾಡು, ನೀಲಗಿರಿ ಕಡೆಗಳಲ್ಲಿ ತೋಟ ಮಾಡಿಕೊಂಡಿರುವ ಬಂಧುಗಳೂ ನಮ್ಮಲ್ಲಿ ಅನೇಕರಿಗೆ ಇದ್ದಾರೆ. ಅಂತಹ ಹಿರಿಯರೊಬ್ಬರು ಕಾಲವಾದಾಗ ತೋಟ, ಮನೆಗಳ ವಿಚಾರ ಎಲ್ಲರಿಗೂ ನೆನಪಾಗುತ್ತದೆ; ಗೋಡೆಯ ಮೇಲಿನ ಕೋವಿಯ ವಿಚಾರ ಯಾರಿಗೂ ನೆನಪಾಗುವುದಿಲ್ಲ. ಆದುದರಿಂದ ಈ ಬಾರಿ ಅದನ್ನೇ ಪಾಠವಾಗಿ ಎತ್ತಿಕೊಂಡಿದ್ದೇವೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಂದೆ ಮಾನಂದವಾಡಿಯಲ್ಲಿದ್ದವರು, ಲೈಸೆನ್ಸ್ ಇದ್ದ ಜೋಡಿ ನಳಿಗೆಯ ಕೋವಿ ಬಿಟ್ಟು ತೀರಿಕೊಂಡರು. ಮಗ ಮೂಡಿಗೆರೆಯಲ್ಲಿ ಬೆಳೆಗಾರ. ಉತ್ತರಕ್ರಿಯೆ ಮುಗಿಸಿ ಹೊರಡುವಾಗ ತಂದೆಯ ನೆನಪಿಗೆಂದು ಕೋವಿಯನ್ನು ಜೀಪಿನಲ್ಲಿಟ್ಟುಕೊಂಡು ತೋಲ್ಪೆಟ್ಟಿ, ಕುಟ್ಟ ದಾರಿಯಲ್ಲಿ ಊರಿಗೆ ಬರುತ್ತಾನೆ. ತಪ್ಪು ಮಾಡುತ್ತಿದ್ದೇನೆಂಬ ಕಲ್ಪನೆಯೂ ಅವನಿಗಿಲ್ಲ. ಆದರೆ ತಂದೆಯ ಲೈಸೆನ್ಸ್ ಅವರ ಹೆಸರಿನಲ್ಲಿದ್ದದ್ದು. ಅದು ಮಗನಿಗೆ ರಕ್ಷಣೆಯಾಗದು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ 2 ವರ್ಷಕ್ಕೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಸೆರೆವಾಸ ಮತ್ತು ದಂಡ ವಿಧಿಸಬಹುದು.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟೆ. ಆಸ್ತಿಯಾಗಿ ಕೋವಿಯ ಬೆಲೆ ವಾರಸುದಾರರಿಗೆ ಸೇರುತ್ತದೆ. ಅದನ್ನು ಕೈಯಲ್ಲಿಟ್ಟುಕೊಳ್ಳುವ ಹಕ್ಕು ಮಾತ್ರ ತಾನಾಗಿ ಬರುವುದಿಲ್ಲ. 1959ರ ಆಯುಧ ಕಾಯಿದೆ ಕೇಂದ್ರದ ಕಾಯಿದೆಯಾದ್ದರಿಂದ ಕೇರಳಕ್ಕೂ ಕರ್ನಾಟಕಕ್ಕೂ ನಿಯಮ ಒಂದೇ.

ಮೊದಲ ಕೆಲಸ, ಕೋವಿಯನ್ನೂ ಉಳಿದ ತೋಟಾಗಳನ್ನೂ ತಡಮಾಡದೆ ಅಲ್ಲಿಯೇ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಹೊಂದಿದ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡುವುದು. ಮೊದಲು ಠಾಣೆಗೆ ವಿಷಯ ತಿಳಿಸಿ, ತಿಳಿದವರಿಂದ ಕೋವಿ ಖಾಲಿ ಇದೆಯೇ ಎಂದು ಪರೀಕ್ಷಿಸಿಸಿರಿ. ರಸೀತಿಯಲ್ಲಿ ಕೋವಿಯ ತಯಾರಕರ ಹೆಸರು, ನಂಬರು, ತೋಟಾಗಳ ಲೆಕ್ಕ ಬರೆಸಿಕೊಳ್ಳಿರಿ. ಠೇವಣಿ ಇಟ್ಟು ಮರೆತುಬಿಡಲೂ ಆಗದು. ನಿಗದಿತ ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಅಥವಾ ಮಾರದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

ಎರಡನೆಯದು, ಅರ್ಜಿ. ಕೋವಿ ವಯನಾಡಿನಲ್ಲಿದ್ದರೂ ಮಗ ಅರ್ಜಿ ಹಾಕಬೇಕಾದದ್ದು ತಾನು ವಾಸಿಸುವ ಚಿಕ್ಕಮಗಳೂರು ಜಿಲ್ಲೆಯಲ್ಲಿ. 2016ರ ಆಯುಧ ನಿಯಮಗಳು ಮೃತರ ವಾರಸುದಾರರಿಗೆ ಲೈಸೆನ್ಸ್ ಕೊಡಲು ಅವಕಾಶ ಮಾಡಿವೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ತಂದೆಯ ಮೂಲ ಲೈಸೆನ್ಸ್, ಠೇವಣಿ ರಸೀತಿ ಸಿದ್ಧವಿರಲಿ. ತಾಯಿ, ಅಕ್ಕತಂಗಿಯರು ಮೊದಲಾದ ಉಳಿದ ವಾರಸುದಾರರ ಒಪ್ಪಿಗೆ ಪತ್ರಗಳೂ ಇರಲಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ಅನುಕೂಲವಾಗಿರಬೇಕು. ತೋಟವು ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿದ್ದರೆ, ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆಯೂ ಬೇಕಾಗುತ್ತದೆ. ಲೈಸೆನ್ಸ್ ಕೈಗೆ ಬಂದ ಮೇಲೂ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆಂಬುದನ್ನು ಓದಿರಿ. ಕರ್ನಾಟಕಕ್ಕೆ ಮಾತ್ರ ಸಲ್ಲುವಂತಿದ್ದರೆ, ಗಡಿಯಾಚೆಯಿಂದ ಕೋವಿ ತರಲು ಮೊದಲೇ ಲಿಖಿತ ಅನುಮತಿ ಪಡೆಯಿರಿ.

ಮೂರನೆಯದು, ಸಂಖ್ಯೆಯ ಮಿತಿ. 2019ರ ತಿದ್ದುಪಡಿಯಂತೆ ಒಬ್ಬರಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರಕೂಡದು. ಹಿರಿಯರಿಂದ ಬಂದುದಕ್ಕೂ ಈ ಮಿತಿಯಿಂದ ವಿನಾಯಿತಿಯಿಲ್ಲ. ಮಗನಲ್ಲಿ ಈಗಾಗಲೇ ಎರಡು ಇದ್ದರೆ ತಂದೆಯ ಕೋವಿ ಅವನಿಗೆ ಸಿಗದು. ಆಗ ಅರ್ಹತೆಯಿರುವ ಬೇರೆ ವಾರಸುದಾರರು ಅರ್ಜಿ ಹಾಕಬಹುದು. ಇಲ್ಲವೇ ವ್ಯಾಪಾರಿಗೋ ಲೈಸೆನ್ಸ್ ಇರುವವರಿಗೋ ಮಾರಿ ಹಣ ಹಂಚಿಕೊಳ್ಳಬಹುದು.

ಕೊಡಗಿನ ಸದಸ್ಯರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಇದು ಕೊಡಗಿನಲ್ಲಿ ತೋಟವಿರುವ ಎಲ್ಲರಿಗೂ ಸಲ್ಲುವುದಲ್ಲ. ವಿನಾಯಿತಿ ಉಳ್ಳವರೂ ಹೊರರಾಜ್ಯದ ಬಂಧುವಿನ ಕೋವಿಯನ್ನು ತರುವ ಮೊದಲು ಮಡಿಕೇರಿಯ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಕೊನೆಯದಾಗಿ, ಹಿರಿಯ ಸದಸ್ಯರಲ್ಲಿ ನಮ್ಮ ಅರಿಕೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದಾಗ, ಇಲ್ಲವೇ ಕೋವಿ ಅವರಲ್ಲಿ 25 ವರ್ಷ ಇದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ತಾವು ಬಯಸಿದ ವಾರಸುದಾರರಿಗೆ ಲೈಸೆನ್ಸ್ ಕೊಡುವಂತೆ ಹೆಸರು ಸೂಚಿಸಲು ನಿಯಮದಲ್ಲಿ ಅವಕಾಶವಿದೆ. ತೋಟದ ಪಾಲುಪತ್ರವನ್ನು ಬದುಕಿರುವಾಗಲೇ ಬರೆದಿಡುವ ನಾವು ಕೋವಿಯ ಕಾಗದವನ್ನೂ ಸರಿಮಾಡಿಟ್ಟರೆ, ದುಃಖದ ದಿನಗಳಲ್ಲಿ ಮಕ್ಕಳು ಠಾಣೆಯ ಮೆಟ್ಟಿಲು ಹತ್ತುವುದು ತಪ್ಪುತ್ತದೆ.